ಸುಪ್ರಿಯೋ ತೀರ್ಪು: ಅರ್ಧ ಓದಿನ ಸಮಾಧಾನ

ಸಮಲಿಂಗ ವಿವಾಹವನ್ನು ಕುರಿತ ‘ಸುಪ್ರಿಯೋ’ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರ್ 17ರಂದು ನೀಡಿದ ತೀರ್ಪನ್ನು ನಮ್ಮಲ್ಲಿ ಅನೇಕರು ನೆಮ್ಮದಿಯಿಂದ ಓದಿದೆವು. ವಿವಾಹವು ಸಂವಿಧಾನದತ್ತ ಮೂಲಭೂತ ಹಕ್ಕಲ್ಲವೆಂಬುದರಲ್ಲಿ ಐವರು ನ್ಯಾಯಮೂರ್ತಿಗಳಿಗೂ ಒಮ್ಮತವಿತ್ತು. ಅಷ್ಟಕ್ಕೇ ಓದು ನಿಲ್ಲಿಸಿದ್ದು ನಮ್ಮ ತಪ್ಪು.

ಅದೇ ಐವರು ಮತ್ತೊಂದು ವಿಷಯವನ್ನೂ ಒಮ್ಮತದಿಂದ ನಿರ್ಣಯಿಸಿದ್ದಾರೆ: ಗಂಡು-ಹೆಣ್ಣಿನ ಸಂಬಂಧದಲ್ಲಿರುವ ಲಿಂಗತ್ವ ಅಲ್ಪಸಂಖ್ಯಾತರು ಈಗಿರುವ ಕಾನೂನುಗಳಡಿ, ವೈಯಕ್ತಿಕ ಕಾನೂನುಗಳೂ ಸೇರಿದಂತೆ, ವಿವಾಹವಾಗಬಹುದು. 1872ರ ಭಾರತೀಯ ಕ್ರೈಸ್ತ ವಿವಾಹ ಅಧಿನಿಯಮದಡಿ ಗುರುಗಳು ನೆರವೇರಿಸುವ ವಿವಾಹಕ್ಕೆ ನಾಗರಿಕ ಮಾನ್ಯತೆಯೂ ಇರುವುದರಿಂದ, ಈ ನಿರ್ಣಯವು ನಮ್ಮ ಧರ್ಮಕೇಂದ್ರದ ವಿವಾಹ ದಾಖಲೆ ಪುಸ್ತಕವನ್ನೇ ಮುಟ್ಟುತ್ತದೆ.

ಧರ್ಮಸಭೆಯ ಕಾನೂನು ಸಂಹಿತೆಯ 1055ನೆಯ ವಿಧಿಗೆ ವಿವಾಹವೆಂದರೆ ಪುರುಷ ಮತ್ತು ಸ್ತ್ರೀಯ ಒಡಂಬಡಿಕೆ. ರಾಜ್ಯವು ಸ್ತ್ರೀಯೆಂದು ಪ್ರಮಾಣೀಕರಿಸಿದ ವ್ಯಕ್ತಿಯನ್ನು ಸಂಸ್ಕಾರವೂ ಹಾಗೆಯೇ ಕಾಣಬೇಕೆಂದು ನಾನು ವಾದಿಸುತ್ತಿಲ್ಲ. ನಾಗರಿಕ ಗುರುತು ಸಂಸ್ಕಾರದ ಸಿಂಧುತ್ವವನ್ನು ನಿರ್ಧರಿಸದು. ಆದರೆ ‘ಆಗದು’ ಎಂಬ ಒಂದೇ ಪದ ದೈವಶಾಸ್ತ್ರವಲ್ಲ. ಅದೇ ಅಕ್ಟೋಬರ್ 31ರಂದು ವ್ಯಾಟಿಕನ್ನಿನ ವಿಶ್ವಾಸ ಸಿದ್ಧಾಂತ ಪೀಠವು ಲಿಂಗತ್ವ ಅಲ್ಪಸಂಖ್ಯಾತರು ಷರತ್ತುಗಳೊಂದಿಗೆ ಜ್ಞಾನಸ್ನಾನ ಪಡೆಯಬಹುದು, ವಿವಾಹಕ್ಕೆ ಸಾಕ್ಷಿಗಳಾಗಬಹುದು ಎಂದು ಉತ್ತರಿಸಿತು. ಅವರ ಸ್ವಂತ ವಿವಾಹದ ಪ್ರಶ್ನೆ ಆ ಉತ್ತರದಲ್ಲಿಲ್ಲ.

ನ್ಯಾಯಾಲಯ ತನ್ನ ಕೆಲಸ ಮಾಡಿದೆ, ಉಳಿದದ್ದು ನಮ್ಮದು. ನಾಳೆ ಅಂಥ ಜೋಡಿಯೊಂದು ಧರ್ಮಕೇಂದ್ರದ ಕಚೇರಿಯಲ್ಲಿ ಬಂದು ಕುಳಿತಾಗ, ಗುರುಮಠದಿಂದ ಹೊರಬಂದ ಕಿರಿಯ ಗುರು ಅವರನ್ನು ನೋಯಿಸದೆ, ಸತ್ಯವನ್ನು ಮರೆಮಾಚದೆ ಮಾತನಾಡಬಲ್ಲನೇ? ಇಂದಿನ ನಮ್ಮ ಪಾಠಕ್ರಮದಲ್ಲಿ ಅದಕ್ಕೆ ಸಿದ್ಧತೆಯಿಲ್ಲ.