ಮುಖದ ಮೇಲಿನ ಹೆಸರು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ನಮಗೆ ಒಂದು ಗಂಟೆ ಎಂದರೆ ಒಂದು ತಾಸು. ಫಾರಸಿಯಲ್ಲಿ ‘ತಾಸ್’ ಎಂದರೆ ಬಟ್ಟಲು. ತಳದ ತೂತಿನಿಂದ ನೀರು ತುಂಬಿ ಮುಳುಗುತ್ತಿದ್ದ ಗಳಿಗೆ ಬಟ್ಟಲಿನ ನೆನಪು ಈ ಮಾತಿನಲ್ಲಿದೆ. ಬಟ್ಟಲು ಮಾತಾಗಿ ಉಳಿಯಿತು. ಅದನ್ನು ಬಡಿದವನ ಹೆಸರು ಉಳಿಯಲಿಲ್ಲ.

ಇಂಗ್ಲೆಂಡಿನ ಹಳೆಯ ನಿಲುಗಡಿಯಾರಗಳ ಬಗ್ಗೆ ಓದುವಾಗಲೂ ನನ್ನನ್ನು ಕಾಡುವುದು ಇದೇ. ಅವುಗಳ ಆಳೆತ್ತರ ಬರೀ ಡೌಲಲ್ಲ. ಒಂದೊಂದು ತೂಗಿಗೂ ಒಂದು ಸೆಕೆಂಡು ಹಿಡಿಯಬೇಕಾದರೆ ಲೋಲಕ ಸುಮಾರು 1 ಮೀಟರ್ ಉದ್ದವಿರಬೇಕು. 17ನೇ ಶತಮಾನದ ಉತ್ತರಾರ್ಧದಲ್ಲಿ, ಹಲ್ಲುಚಕ್ರವನ್ನು ತಡೆತಡೆದು ಬಿಡುವ ಲಂಗರಿನಾಕಾರದ ಕೊಂಡಿ ಬಂದು ತೂಗಾಟ ಕಿರಿದಾಯಿತು. ಸಪೂರ ಪೆಟ್ಟಿಗೆ ಸಾಕಾಯಿತು. ಅಗತ್ಯವೇ ಆಕಾರವಾದ ಪ್ರಾಮಾಣಿಕತೆ ಇದರ ಸೊಗಸು.

ಮುಖಫಲಕ ಮಾತ್ರ ಅಷ್ಟು ಪ್ರಾಮಾಣಿಕವಲ್ಲ. 18ನೇ ಶತಮಾನದ ಕೊನೆಯ ಹೊತ್ತಿಗೆ ಬಣ್ಣ ಬಳಿದ ಫಲಕಗಳು ಬರ್ಮಿಂಗ್‌ಹ್ಯಾಮ್‌ನಿಂದ ಬರುತ್ತಿದ್ದವು. ಪೆಟ್ಟಿಗೆ ಬಡಗಿಯದು, ಚಕ್ರಗಳು ಇನ್ನಾರದೋ. ಮೇಲೆ ಬರೆದ ಹೆಸರು ಎಷ್ಟೋ ಸಲ ಊರಿನ ಅಂಗಡಿಯವನದು. ಸಂಗ್ರಾಹಕರು ಮೊದಲು ಓದುವುದು ಅದನ್ನೇ.

ಕಾಯಕವನ್ನು ಎತ್ತಿಹಿಡಿದ ಬಸವಣ್ಣ ಹುಟ್ಟಿದ ಸೀಮೆಯಿಂದ ನೋಡುವವರಿಗೆ ಆ ಹೆಸರು ಸಾಲದು. ಪೆಟ್ಟಿಗೆಯ ಬಾಗಿಲು ತೆಗೆದು, ಹಿತ್ತಾಳೆಯ ಹಲ್ಲಿನ ಮೇಲೆ ಅರ ಆಡಿದ ಗುರುತು ಹುಡುಕಬೇಕು. ನಿಜವಾದ ರುಜು ಅಲ್ಲಿದೆ.