ವಿಳಂಬ ಲಯವೂ ವಿಶ್ರಾಂತಿಯೂ

ಸಂಗೀತದ ಹಿರಿಮೆಯನ್ನು ಅದರ ವೇಗದಿಂದ ಅಳೆಯುವ ರೂಢಿ ನಮ್ಮಲ್ಲಿ ಬಲವಾಗಿದೆ. ತಾನಗಳ ಮಳೆಗರೆದವನಿಗೆ ಚಪ್ಪಾಳೆ. ಒಂದೇ ಸ್ವರದ ಮೇಲೆ ನಿಂತವನಿಗೆ ಆಕಳಿಕೆ. ಆದರೆ ಈಚೆಗೆ ನಿಧಾನದ ಸಂಗೀತಕ್ಕೂ ಬೇರೊಂದು ಬಗೆಯ ಬೇಡಿಕೆ ಹುಟ್ಟಿದೆ. ನಿದ್ರೆಗೆಂದು, ಓದಿಗೆಂದು, ಮನಶ್ಶಾಂತಿಗೆಂದು ಗಂಟೆಗಟ್ಟಲೆ ಹರಿಯುವ ನಾದಗಳು ಮೊಬೈಲಿನಲ್ಲಿ ದೊರೆಯುತ್ತಿವೆ. ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಮನೆಗಳಲ್ಲಿಯೂ ತೊಟ್ಟಿಲಿನ ಪಕ್ಕದಿಂದ ಅವು ಕೇಳಿಬರುತ್ತಿವೆ. ಇದನ್ನು ಪಶ್ಚಿಮದವರು ಆಂಬಿಯೆಂಟ್ ಸಂಗೀತ ಎನ್ನುತ್ತಾರೆ. ಮಂದಗತಿಯ ತಾಳ ಬೆರೆತರೆ ಡೌನ್‌ಟೆಂಪೊ. ನಾವು ಪರಿಸರ ಸಂಗೀತವೆಂದು ಕರೆಯೋಣ. ಇದು ಹೇಗೆ ಬೆಳೆಯಿತು, ನಮ್ಮ ವಿಳಂಬಗಾನಕ್ಕೂ ಇದಕ್ಕೂ ಇರುವ ಸಾಮ್ಯ ಭೇದಗಳೇನು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶ.

ಫ್ರಾನ್ಸಿನ ಎರಿಕ್ ಸಾತೀ ಎಂಬ ಸಂಗೀತಕಾರನು 1917ರಲ್ಲಿ 'ಪೀಠೋಪಕರಣ ಸಂಗೀತ' ಎಂಬ ವಿಚಿತ್ರ ಕಲ್ಪನೆಯನ್ನು ಮುಂದಿಟ್ಟನು. ಕೋಣೆಯಲ್ಲಿ ಕುರ್ಚಿ, ಮೇಜುಗಳಿರುವಂತೆ ಸಂಗೀತವೂ ಇರಲಿ, ಯಾರೂ ಅದನ್ನು ಗಮನವಿಟ್ಟು ಕೇಳಬೇಕಾಗಿಲ್ಲ ಎಂಬುದು ಅವನ ಅಭಿಪ್ರಾಯ. 1920ರಲ್ಲಿ ಪ್ಯಾರಿಸ್ಸಿನಲ್ಲಿ ನಾಟಕವೊಂದರ ವಿರಾಮಕಾಲದಲ್ಲಿ ಇದನ್ನು ನುಡಿಸಿದಾಗ ಜನರು ಮೌನವಾಗಿ ಕೇಳುತ್ತ ಕುಳಿತುಬಿಟ್ಟರಂತೆ. ಸಾತೀ ಮಾತ್ರ ಎಲ್ಲರೂ ಮಾತಾಡಿರೆಂದು, ತಿರುಗಾಡಿರೆಂದು ಒತ್ತಾಯಪಡಿಸಿದನಂತೆ. ಮುಂದೆ 1934ರಲ್ಲಿ ಅಮೆರಿಕದಲ್ಲಿ ಮ್ಯೂಝಾಕ್ ಎಂಬ ಕಂಪನಿ ಸ್ಥಾಪಿತವಾಗಿ, ಅಂಗಡಿ ಕಾರ್ಖಾನೆಗಳಿಗೆ ತಂತಿಯ ಮೂಲಕ ಹಿನ್ನೆಲೆ ಸಂಗೀತವನ್ನು ಮಾರತೊಡಗಿತು. ಕಲಾವಿದನ ಹಾಸ್ಯ ವ್ಯಾಪಾರಿಯ ಸರಕಾಯಿತು.

ಈ ಸರಕಿಗೆ ಮತ್ತೆ ಕಲೆಯ ಮಾನ ತಂದುಕೊಟ್ಟವನು ಇಂಗ್ಲೆಂಡಿನ ಬ್ರಯನ್ ಎನೊ. 1975ರ ಆರಂಭದಲ್ಲಿ ಅಪಘಾತಕ್ಕೀಡಾಗಿ ಅವನು ಹಾಸಿಗೆ ಹಿಡಿದಿದ್ದನು. ಸ್ನೇಹಿತೆಯೊಬ್ಬಳು ತಂದುಕೊಟ್ಟ ಹಾರ್ಪ್ ವಾದ್ಯದ ತಟ್ಟೆ ತೀರ ಸಣ್ಣ ದನಿಯಲ್ಲಿ ನುಡಿಯುತ್ತಿತ್ತು. ಎದ್ದು ದನಿ ಹೆಚ್ಚಿಸಲು ಶಕ್ತಿಯಿರಲಿಲ್ಲ. ಹೊರಗಿನ ಮಳೆಯ ಸದ್ದಿನಲ್ಲಿ ವಾದ್ಯದ ನಾದ ಬೆರೆಯಿತು. ಸಂಗೀತವು ಬೆಳಕಿನಂತೆ, ಮಳೆಯಂತೆ ಪರಿಸರದ ಒಂದು ಭಾಗವಾಗಬಲ್ಲದೆಂಬುದು ಅವನಿಗೆ ಆಗ ಹೊಳೆಯಿತು. ಅದೇ ವರ್ಷ 'ಡಿಸ್ಕ್ರೀಟ್ ಮ್ಯೂಸಿಕ್', 1978ರಲ್ಲಿ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಹೊರಬಂದವು. ಎರಡನೆಯದರಲ್ಲಿ ಬೇರೆ ಬೇರೆ ಉದ್ದದ ಟೇಪಿನ ಸುರುಳಿಗಳು ತಮ್ಮತಮ್ಮ ಪಾಡಿಗೆ ಸುತ್ತುತ್ತವೆ. ನಾರಾಯಣಪೇಟೆಯ ನೇಕಾರರ ಓಣಿಯಲ್ಲಿ ನಡೆದವರಿಗೆ ಇದು ಸುಲಭವಾಗಿ ತಿಳಿದೀತು: ಒಂದೊಂದು ಮಗ್ಗಕ್ಕೂ ಒಂದೊಂದು ಲಯ, ಎರಡು ಮಗ್ಗಗಳ ಬಡಿತ ಒಮ್ಮೆ ಕೂಡುತ್ತದೆ, ಮತ್ತೆ ಅಗಲುತ್ತದೆ. ಗಮನವಿಟ್ಟರೂ ಸರಿ, ಬಿಟ್ಟರೂ ಸರಿ ಎಂಬಂತಿರುವುದೇ ಇಂಥ ಸಂಗೀತದ ಲಕ್ಷಣವೆಂದು ಎನೊ ಸಾರಿದನು.

ಇನ್ನು ನಮ್ಮ ಕಡೆಗೆ ಬರೋಣ. ಹಿಂದುಸ್ತಾನಿ ಗಾಯನದ ಕಿರಾನಾ ಘರಾಣೆಯು ನಿಧಾನವನ್ನೇ ತನ್ನ ಧನವನ್ನಾಗಿ ಮಾಡಿಕೊಂಡಿತು. ಅಬ್ದುಲ್ ಕರೀಂ ಖಾನರು ಒಂದೊಂದು ಸ್ವರವನ್ನೂ ನೆಲೆಗೊಳಿಸಿ ಮುಂದಡಿಯಿಡುತ್ತಿದ್ದರು. ಅವರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರಿಂದ ಈ ವಿದ್ಯೆ ಗಂಗೂಬಾಯಿ ಹಾನಗಲ್ ಹಾಗೂ ಭೀಮಸೇನ ಜೋಶಿಯವರಿಗೆ ಬಂದು ಕನ್ನಡನಾಡಿನ ಸೊತ್ತಾಯಿತು. ಅದೇ ಘರಾಣೆಯ ಅಬ್ದುಲ್ ವಹೀದ್ ಖಾನರು ಲಯವನ್ನು ಇನ್ನಷ್ಟು ಹಿಂಜಿದರು. ಅತಿವಿಳಂಬ ಏಕತಾಲದಲ್ಲಿ ಹನ್ನೆರಡು ಮಾತ್ರೆಗಳ ಒಂದು ಆವರ್ತನ ಮುಗಿಯಲು ಒಂದು ನಿಮಿಷದಷ್ಟು ಕಾಲ ಹಿಡಿಯುವುದುಂಟು.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಅಬ್ದುಲ್ ಕರೀಂ ಖಾನರ ಕಾಲದ 78 ಸುತ್ತಿನ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ಮೂರೂವರೆ ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತು. ರಾಗದ ವಿಸ್ತಾರವೆಲ್ಲ ಅಲ್ಲಿ ಸಂಗ್ರಹವಾಗಬೇಕಾಯಿತು. 1948ರಲ್ಲಿ ದೀರ್ಘಕಾಲ ನುಡಿಯುವ ಎಲ್.ಪಿ. ತಟ್ಟೆ ಬಂದ ಮೇಲೆಯೇ ವಿಳಂಬಕ್ಕೆ ಮುದ್ರಣದಲ್ಲಿ ಎಡೆ ದೊರೆಯಿತು. ಶಿವಕುಮಾರ ಶರ್ಮಾ, ಹರಿಪ್ರಸಾದ್ ಚೌರಾಸಿಯಾ, ಬ್ರಿಜ್ ಭೂಷಣ್ ಕಾಬ್ರಾ ಅವರ 1967ರ 'ಕಾಲ್ ಆಫ್ ದಿ ವ್ಯಾಲಿ' ಇಂಥ ತಟ್ಟೆಯಲ್ಲಿಯೇ ಮನೆಮನೆಗೆ ತಲುಪಿತು. ಎನೊವಿನ 'ಡಿಸ್ಕ್ರೀಟ್ ಮ್ಯೂಸಿಕ್' ಕೃತಿಯ ಮೊದಲ ಮಗ್ಗುಲು ಮೂವತ್ತು ನಿಮಿಷ ಹರಿಯುವುದೂ ತಟ್ಟೆಯ ಮಿತಿಯನ್ನು ನೋಡಿಕೊಂಡೇ. ಪಾತ್ರೆಯಿದ್ದಷ್ಟು ನೀರು ಎಂಬ ನ್ಯಾಯ ಸಂಗೀತಕ್ಕೂ ಸಲ್ಲುತ್ತದೆ.

ಹಾಗಾದರೆ ಎರಡೂ ಒಂದೆಯೆ? ಅಲ್ಲವೆಂಬುದು ನಮ್ಮ ಮತ. ವಿಳಂಬ ಖ್ಯಾಲಿಗೆ 'ಸಮ್' ಎಂಬ ನೆಲೆಯಿದೆ. ಗಾಯಕನು ಎಷ್ಟು ದೂರ ಅಲೆದರೂ ಅಲ್ಲಿಗೆ ಮರಳಲೇಬೇಕು; ಕೇಳುವವನೂ ಆ ಮರಳುವಿಕೆಯನ್ನು ಕಾಯುತ್ತಾನೆ. ಈ ಕಾಯುವಿಕೆಯೇ ಅದರ ರಸ. ಪರಿಸರ ಸಂಗೀತದಲ್ಲಿ ಮರಳುವ ಮನೆಯಿಲ್ಲ, ಆದ್ದರಿಂದ ಕಾಯುವಿಕೆಯೂ ಇಲ್ಲ. ಒಂದು ಗಮನವನ್ನು ಬೆಳೆಸುತ್ತದೆ, ಇನ್ನೊಂದು ಗಮನಕ್ಕೆ ಬಿಡುವು ಕೊಡುತ್ತದೆ. ಎರಡೂ ಬೇಕಾದವುಗಳೇ, ಆದರೆ ಒಂದರ ಕೆಲಸವನ್ನು ಇನ್ನೊಂದು ಮಾಡಲಾರದು. ನಿಧಾನವಾದುದೆಲ್ಲ ಗಂಭೀರವೆಂದೂ ತಿಳಿಯಬೇಕಾಗಿಲ್ಲ. ರಾಗ ಬೆಳೆಯದೆ ತಾಳ ಮಾತ್ರ ತಡವಾಗುವ ಕಚೇರಿಗಳನ್ನು ನಾವು ಕೇಳಿದ್ದೇವೆ. ಅದು ವಿಳಂಬವಲ್ಲ, ಬರಿಯ ವಿಲಂಬನೆ. ಮಲ್ಲಿಕಾರ್ಜುನ ಮನ್ಸೂರರು ಮಧ್ಯಲಯದಲ್ಲಿಯೇ ಎಂಥ ಆಳವನ್ನು ಮುಟ್ಟಿದರೆಂಬುದನ್ನು ನೆನೆದರೆ ಈ ಮಾತು ಸ್ಪಷ್ಟವಾದೀತು.

ತಾಳದ ಕಟ್ಟಿಲ್ಲದ ಹಾಡು ನಮಗೆ ಹೊಸದಲ್ಲ. ಹರಿದಾಸರ ಉಗಾಭೋಗವು ನಿಯತ ತಾಳವಿಲ್ಲದೆ, ಗಾಯಕನು ಆರಿಸಿಕೊಂಡ ರಾಗದಲ್ಲಿ, ಮಾತಿನ ಉಸಿರನ್ನು ಅನುಸರಿಸಿ ನಡೆಯುತ್ತದೆ. ಗದ್ವಾಲ ಸೀಮೆಯ ಉತ್ತನೂರು ಗೋಪಾಲದಾಸರ ನೆಲೆ. ಅವರ ಗುರುಗಳಾದ ವಿಜಯದಾಸರು, ಶಿಷ್ಯರಾದ ಜಗನ್ನಾಥದಾಸರು ನೆರೆಯ ಮಾನ್ವಿ ಸೀಮೆಯವರು. ಹದಿನೆಂಟನೆಯ ಶತಮಾನದ ದಾಸಸಾಹಿತ್ಯದ ಹೊಳೆ ನಮ್ಮ ಅಂಗಳದಲ್ಲಿಯೇ ಹರಿದಿದೆ. ಉಗಾಭೋಗದಲ್ಲಿ ತಾಳ ಸರಿದು ನಿಂತಾಗ ಮುಂದೆ ಬರುವುದು ಮಾತು. ಇದನ್ನು ವಿದ್ಯಾರ್ಥಿ ಮಿತ್ರರು ವಿಶೇಷವಾಗಿ ಗಮನಿಸಬೇಕು.

ಎನೊ ಹೇಳಿದ ಲಕ್ಷಣಕ್ಕೆ ನಿಜವಾಗಿ ಹತ್ತಿರವಾದುದು ನಮ್ಮ ಜೋಗುಳ, ಬೀಸುವ ಪದ. ತಾಯಿ ತೊಟ್ಟಿಲು ತೂಗುತ್ತ ಹಾಡುವಾಗ ಯಾರೂ ಸಭೆಗೂಡಿ ಕೇಳುವುದಿಲ್ಲ. ಕೂಸು ಅರ್ಧ ಕೇಳುತ್ತದೆ, ಅರ್ಧ ಮಲಗುತ್ತದೆ. ಬೀಸುಕಲ್ಲಿನ ಸುತ್ತೇ ತ್ರಿಪದಿಯ ಲಯ. ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಸಂಗ್ರಹವನ್ನು ಪ್ರಕಟಿಸಿದಾಗಲೇ ಈ ಹಿನ್ನೆಲೆಯ ಹಾಡುಗಳು ಎಂಥ ಕಾವ್ಯವೆಂಬುದು ಓದುಬಲ್ಲವರಿಗೆ ತಿಳಿದುದು. ಆದರೆ ಭೇದವನ್ನು ನೋಡಿರಿ. ಜೋಗುಳ ಕೂಸು ಮಲಗಿದೊಡನೆ ನಿಲ್ಲುತ್ತದೆ, ಬೆಚ್ಚಿದರೆ ಮತ್ತೆ ಮೊದಲಾಗುತ್ತದೆ. ಹಾಡುವವಳು ಕೂಸನ್ನು ಕೇಳುತ್ತಿದ್ದಾಳೆ. ಯಂತ್ರದ ನಾದ ಯಾರನ್ನೂ ಕೇಳುವುದಿಲ್ಲ. ಅದರಲ್ಲಿ ಮಾತೂ ಇಲ್ಲ.

ಗಡಿಯ ಕನ್ನಡಿಗರಿಗೆ ಈ ಕೊನೆಯ ಮಾತು ಸಣ್ಣದಲ್ಲ. ನಮ್ಮ ಮಕ್ಕಳಿಗೆ ಪೇಟೆಯ ಮಾತು ತೆಲುಗು, ಹಲವೆಡೆ ಉರ್ದು. ಸಿನಿಮಾದ ಮಾತೂ ಬಹುಮಟ್ಟಿಗೆ ತೆಲುಗು. ಈ ಭಾಷೆಗಳಲ್ಲಿ ನಮಗೆ ಪ್ರೀತಿಯೇ ಇದೆ. ಆದರೆ ಕನ್ನಡ ಅವರ ಕಿವಿಗೆ ಮೊದಲು ಬೀಳುವುದು ಶಾಲೆಯಲ್ಲಿ ಅಲ್ಲ, ತೊಟ್ಟಿಲಲ್ಲಿ. ಅಕ್ಷರಮಾಲೆ ಕಲಿಸುವ ನಮಗೆ ಇದು ದಿನದಿನದ ಅನುಭವ: ಅಜ್ಜಿಯ ಹಾಡು ಕೇಳಿ ಬೆಳೆದ ಕೂಸಿಗೆ ಪದ್ಯದ ಪ್ರಾಸ ಹೇಳಿಕೊಡಬೇಕಾಗಿಲ್ಲ. ಮಾತಿಲ್ಲದ ನಾದ ಕೂಸನ್ನು ಮಲಗಿಸೀತು, ನುಡಿಯನ್ನು ಕೊಡಲಾರದು.

ಹಾಗೆಂದು ದಿನವೆಲ್ಲ ಹೊಲದಲ್ಲಿ ದುಡಿದು ಬಂದ ತಾಯಿ ಮೊಬೈಲನ್ನು ಹಚ್ಚಿಟ್ಟರೆ ಅವಳನ್ನು ದೂಷಿಸುವುದು ತರವಲ್ಲ. ಬೀಸುಕಲ್ಲನ್ನು ಬಿಡಿಸಿ ಹಿಟ್ಟಿನ ಗಿರಣಿ ಅವಳ ತೋಳಿಗೆ ವಿಶ್ರಾಂತಿ ಕೊಟ್ಟಿತು. ಹಾಡು ಹೋಯಿತೆಂದು ಕಲ್ಲನ್ನು ಮರಳಿ ಅವಳ ಕೈಗೆ ಕೊಡಲಾದೀತೆ? ಹಾಡನ್ನು ಕಲ್ಲಿನಿಂದ ಬಿಡಿಸಿ ಉಳಿಸುವ ಹೊಣೆ ನಮ್ಮದು, ಎಂದರೆ ಶಾಲೆಯದು. ವಾರಕ್ಕೊಮ್ಮೆ ಕೊನೆಯ ಪೀರಿಯಡ್ಡಿನಲ್ಲಿ ಹತ್ತು ನಿಮಿಷ ಮಕ್ಕಳು ತಮ್ಮ ಮನೆಯ ಒಂದು ಜೋಗುಳವನ್ನು ಬರೆದು ತಂದು ಹಾಡಲಿ. ಇನ್ನೊಂದು ವಾರ ಗಂಗೂಬಾಯಿಯವರ ವಿಳಂಬ ಖ್ಯಾಲಿನ ಎರಡು ಆವರ್ತನಗಳನ್ನು ಕೇಳಿಸಿ, ಸಮ್ ಬಂದಾಗ ಕೈಯೆತ್ತಿರೆಂದು ಹೇಳೋಣ. ಮೊದಲ ಸಲ ಎಲ್ಲರ ಕೈಯೂ ತಪ್ಪಿ ಏಳುವುವು. ನಾಲ್ಕನೆಯ ಸಲಕ್ಕೆ ಹಿಂದಿನ ಬೆಂಚಿನ ಹುಡುಗನೊಬ್ಬನ ಕೈ ಸರಿಯಾಗಿ ಎದ್ದರೆ, ಅವನು ಕಾಯುವುದನ್ನು ಕಲಿತನೆಂದು ತಿಳಿಯಬಹುದು.