ಬುತ್ತಿ ಹಿಡಿದು ಮೆಟ್ಟಿಲಿಳಿದವಳು

ಜಿನ್ನಾರ ಸ್ಯಾಂಡ್‌ವಿಚ್ ಕತೆ ನೀವೂ ಕೇಳಿರುತ್ತೀರಿ. ಕೇಳದವರಿಗೆ ಚಿಕ್ಕದಾಗಿ ಹೇಳಿಬಿಡ್ತೀನಿ. 1920ರ ದಶಕ. ಬೊಂಬಾಯಿಯ ಟೌನ್ ಹಾಲ್‌ನಲ್ಲಿ ಚುನಾವಣೆ. ಮಹಮ್ಮದ್ ಅಲಿ ಜಿನ್ನಾ ಮುಸ್ಲಿಮರ ಪ್ರತ್ಯೇಕ ಕ್ಷೇತ್ರದಿಂದ ನಿಂತಿದ್ದಾರೆ. ಮಧ್ಯಾಹ್ನ ಹೆಂಡತಿ ರಟ್ಟಿ ಕಾರಿನಲ್ಲಿ ಬಂದು, ಬುತ್ತಿ ಹಿಡಿದು ಮೆಟ್ಟಿಲು ಹತ್ತಿ, ನಿಮಗೆ ಏನು ತಂದಿದ್ದೀನಿ ಹೇಳಿ ನೋಡೋಣ ಅಂತಾರೆ. ಬುತ್ತಿಯಲ್ಲಿ ಇರೋದು ಹಂದಿಮಾಂಸದ ಸ್ಯಾಂಡ್‌ವಿಚ್. ಜಿನ್ನಾ ಹೌಹಾರಿ, ನನ್ನ ಎಲೆಕ್ಷನ್ ಹಾಳು ಮಾಡಬೇಕಂತಿದ್ದೀಯಾ ಅಂತ ಬೈದು ಕಳಿಸ್ತಾರೆ. ಆಮೇಲೆ ಪಕ್ಕದ ಹೋಟೆಲಿಗೆ ಹೋಗಿ ತಾವೇ ಹಂದಿಮಾಂಸದ ಸಾಸೇಜ್ ತರಿಸಿಕೊಳ್ತಾರೆ. ಕತೆ ಮುಗೀತು, ಎಲ್ಲರೂ ನಗಬೇಕು.

ನಾನೂ ಇದನ್ನು ಹೇಳಿ ನಗಿಸಿದವಳೇ. ಹತ್ತನೇ ತರಗತಿಗೆ ದೇಶವಿಭಜನೆಯ ಪಾಠ ಮಾಡುವಾಗ ಮಕ್ಕಳು ತೂಕಡಿಸ್ತಾರೆ. ಅವರನ್ನು ಎಬ್ಬಿಸೋಕೆ ಇದಕ್ಕಿಂತ ಒಳ್ಳೆಯ ಮಸಾಲೆ ಎಲ್ಲಿದೆ? ಎಲ್ಲರೂ ನಕ್ಕರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ನಗಲಿಲ್ಲ. "ಮಿಸ್, ಆ ಬುತ್ತಿ ತಗೊಂಡು ಅವರು ಎಲ್ಲಿಗೆ ಹೋದ್ರು?" ಅಂತ ಕೇಳಿದಳು. ಮನೆಗೆ ಹೋಗಿರ್ತಾರಮ್ಮ, ಕೂತ್ಕೋ ಅಂದೆ. ಬಿ.ಎಡ್. ಮಾಡುವಾಗ ಮಕ್ಕಳ ಪ್ರಶ್ನೆಯನ್ನು ತಳ್ಳಿಹಾಕಬಾರದು ಅಂತ ನಾಲ್ಕು ಪುಟ ಬರೆದು ಪಾಸಾದವಳು ನಾನು.

ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಹಾಗಾಗಿ ಈ ಕತೆಯ ಮೂಲ ಹುಡುಕಿದೆ. ನಮ್ಮಲ್ಲಿ ಹದೀಸ್ ಕಲಿತವರು ಮೊದಲು ಕೇಳೋದು ಮಾತು ಏನು ಅಂತಲ್ಲ, ಯಾರು ಯಾರಿಂದ ಕೇಳಿ ಹೇಳಿದರು ಅಂತ. ಆ ಸರಪಳಿಯೇ ಸನದ್, ಹೇಳಿದವನು ರಾವಿ. ಗಾಳಿಮಾತಿಗೂ ಇದೇ ತಕ್ಕಡಿ ಇಟ್ಟು ನೋಡಿದರೆ ಏನಾಗುತ್ತೆ?

ಸ್ಯಾಂಡ್‌ವಿಚ್ ಕತೆಯ ರಾವಿ ಎಂ.ಸಿ. ಛಾಗ್ಲಾ. ದೊಡ್ಡ ಮನುಷ್ಯರು, ಮುಂದೆ ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಕೇಂದ್ರದ ಮಂತ್ರಿ. ತರುಣ ವಕೀಲರಾಗಿದ್ದಾಗ ಜಿನ್ನಾರ ಚೇಂಬರಿನಲ್ಲಿ ಜೂನಿಯರ್. 1928ರಲ್ಲಿ ನೆಹರೂ ವರದಿಯ ವಿಷಯದಲ್ಲಿ ಇಬ್ಬರಿಗೂ ಮುರಿಯಿತು. ಕತೆ ಅಚ್ಚಾದದ್ದು 1973ರಲ್ಲಿ, ಅವರ ಆತ್ಮಕತೆ 'ರೋಸಸ್ ಇನ್ ಡಿಸೆಂಬರ್'ನಲ್ಲಿ. ಅಷ್ಟರಲ್ಲಿ ರಟ್ಟಿ ಸತ್ತು 44 ವರ್ಷ, ಜಿನ್ನಾ ಸತ್ತು 25 ವರ್ಷ. ಹೌದು, ಅಲ್ಲ ಅನ್ನೋಕೆ ಯಾರೂ ಉಳಿದಿರಲಿಲ್ಲ.

ಛಾಗ್ಲಾ ಸುಳ್ಳು ಹೇಳಿದರು ಅಂತ ನಾನು ಹೇಳ್ತಿಲ್ಲ. ಅವರು ಅಲ್ಲೇ ಇದ್ದರು, ಕಣ್ಣಾರೆ ಕಂಡವರು. ಆದರೆ ಕತೆಯನ್ನು ಪೂರ್ತಿ ಓದಿ ನೋಡಿ, ಅದು ಮುಗಿಯುವುದು ಜಿನ್ನಾರ ಮೇಲಲ್ಲ. ಹೋಟೆಲಿನಲ್ಲಿ ಒಬ್ಬ ಗಡ್ಡದ ಮುದುಕರು ಮೊಮ್ಮಗನಂಥ ಹುಡುಗನ ಜೊತೆ ಇವರ ಟೇಬಲ್ಲಿಗೆ ಬರ್ತಾರೆ. ಹುಡುಗ ತಟ್ಟೆಗೆ ಕೈ ಹಾಕಿಬಿಡ್ತಾನೆ. ನೀನು ಯಾಕೆ ತಡೀಲಿಲ್ಲ ಅಂತ ಜಿನ್ನಾ ಆಮೇಲೆ ಗದರಿದಾಗ ಛಾಗ್ಲಾ ಒಂದು ಚುರುಕಾದ ಉತ್ತರ ಕೊಡ್ತಾರೆ. ಕೊನೇ ಮಾತಿನ ಚಪ್ಪಾಳೆ ಛಾಗ್ಲಾರಿಗೇ! ಟೇಬಲ್ಲಿಗೆ ಸಾಸೇಜ್ ತರಿಸಿದ್ದು ಇಬ್ಬರೂ ಸೇರಿ, ಛಾಗ್ಲಾ ಸಹ ಮುಸ್ಲಿಂ ಮನೆತನದವರೇ. ಅದನ್ನು ಯಾರಾದರೂ ನೆನೆಸಿಕೊಳ್ತಾರಾ? ಐವತ್ತು ವರ್ಷ ಊಟದ ಮೇಜುಗಳಲ್ಲಿ ಹೇಳಿ ಹೇಳಿ ನುಣುಪಾದ ಕತೆ ಅದು.

ಇನ್ನೂ ಒಂದು ವಿಷಯ ಆ ಪುಟದಲ್ಲೇ ಇದೆ. ನಾವು ಹೇಳುವಾಗ ಬಿಟ್ಟುಬಿಡ್ತೀವಿ. ಬೈಸಿಕೊಂಡ ರಟ್ಟಿಯ ಮುಖ ಸಪ್ಪೆಯಾಯಿತು, ಬುತ್ತಿ ಎತ್ತಿಕೊಂಡು ಹೊರಟುಹೋದರು ಅಂತ ಛಾಗ್ಲಾ ಬರೆದಿದ್ದಾರೆ. ಒಂದೇ ಗಳಿಗೆಯ ಚಿತ್ರ. ಆಮೇಲೆ ಕತೆ ಗಂಡಸರ ಹಿಂದೆ ಹೋಟೆಲಿಗೆ ಹೋಗುತ್ತೆ. ನನ್ನ ವಿದ್ಯಾರ್ಥಿನಿ ಒಬ್ಬಳೇ ರಟ್ಟಿಯ ಹಿಂದೆ ಹೋದವಳು.

ಛಾಗ್ಲಾರದ್ದೇ ಇನ್ನೊಂದು ಕತೆ ಇದಕ್ಕಿಂತ ಜನಪ್ರಿಯ. 1916ರ ಬೇಸಿಗೆ, ಡಾರ್ಜಿಲಿಂಗ್. ಸರ್ ದಿನ್‌ಶಾ ಪೆಟಿಟ್ ಅವರನ್ನು ಜಿನ್ನಾ ಕೇಳ್ತಾರೆ, ಬೇರೆ ಬೇರೆ ಸಮುದಾಯದವರು ಮದುವೆ ಆಗೋದರ ಬಗ್ಗೆ ತಮ್ಮ ಅಭಿಪ್ರಾಯ ಏನು? ದೇಶದ ಐಕ್ಯಕ್ಕೆ ಬಹಳ ಒಳ್ಳೇದು ಅಂತಾರೆ ಸರ್ ದಿನ್‌ಶಾ. ಹಾಗಾದರೆ ನಿಮ್ಮ ಮಗಳನ್ನು ಕೊಡಿ. ಕತೆ ಚೆನ್ನಾಗಿದೆ, ಸನದ್ ಚೆನ್ನಾಗಿಲ್ಲ. ಛಾಗ್ಲಾ ಹುಟ್ಟಿದ್ದು 1900ರಲ್ಲಿ, ರಟ್ಟಿ ಹುಟ್ಟಿದ ವರ್ಷವೇ. ಇಬ್ಬರು ಹಿರಿಯರು ಖಾಸಗಿಯಾಗಿ ಆಡಿದ ಮಾತಿಗೆ ಶಾಲೆಗೆ ಹೋಗೋ ಹುಡುಗ ಸಾಕ್ಷಿ ಹೇಗಾದ? ಆದರೂ ಪುಸ್ತಕದಿಂದ ಪುಸ್ತಕಕ್ಕೆ, ಈಗ ಮೊಬೈಲಿನಿಂದ ಮೊಬೈಲಿಗೆ, ಕೋರ್ಟಿನ ದಾಖಲೆ ಇದ್ದ ಹಾಗೆ ಓಡಾಡ್ತಿದೆ.

ಈ ಕತೆಯಲ್ಲಿ ಅಪ್ಪ ಬರೀ ಮಾತಿನ ಉದಾರಿ, ಒಳಗೆ ಕರ್ಮಠ. ನಿಜಸಂಗತಿ ಅಷ್ಟು ಸಲೀಸಲ್ಲ. ಆರ್.ಡಿ. ಟಾಟಾ ಅವರ ಫ್ರೆಂಚ್ ಪತ್ನಿ ಪಾರ್ಸಿ ಧರ್ಮಕ್ಕೆ ಸೇರಿದ್ದರ ಸುತ್ತ ಬಾಂಬೆ ಹೈಕೋರ್ಟಿನಲ್ಲಿ ನಡೆದು 1908ರಲ್ಲಿ ತೀರ್ಪಾದ ಪ್ರಸಿದ್ಧ ಮೊಕದ್ದಮೆ ಇದೆ. ಹೊರಗಿನಿಂದ ಬಂದವರನ್ನೂ ಪಾರ್ಸಿ ಅಂತ ಒಪ್ಪಬೇಕು ಎಂಬ ಪಕ್ಷದಲ್ಲಿ ವಾದಿಯಾಗಿ ಮೊದಲ ಹೆಸರು ಇದ್ದದ್ದು ಇದೇ ದಿನ್‌ಶಾ ಪೆಟಿಟ್‌ರದು. ಬಾಗಿಲು ತೆಗೀರಿ ಅಂತ ಕೋರ್ಟಿಗೆ ಹೋದ ಮನುಷ್ಯ, ಹತ್ತು ವರ್ಷದಲ್ಲಿ ಅದೇ ಬಾಗಿಲಿಂದ ಮಗಳು ಹೊರಗೆ ಹೋದಾಗ ತಡೆಯಾಜ್ಞೆ ತಂದರು. ಮಗಳು ಅಪ್ರಾಪ್ತೆ, ಜಿನ್ನಾ ಭೇಟಿ ಮಾಡಬಾರದು ಅಂತ. ಈ ವೈಚಿತ್ರ್ಯದ ಮುಂದೆ ಡಾರ್ಜಿಲಿಂಗ್ ಕತೆ ಸಪ್ಪೆ. ಆದರೆ ಇದಕ್ಕೆ ಹಾಸ್ಯದ ತಿರುವು ಇಲ್ಲವಲ್ಲ, ಯಾರು ಫಾರ್ವರ್ಡ್ ಮಾಡ್ತಾರೆ?

ರಟ್ಟಿಗೆ 18 ತುಂಬಿದ್ದು 1918ರ ಫೆಬ್ರವರಿ 20ರಂದು. ಏಪ್ರಿಲ್ 18ಕ್ಕೆ ಇಸ್ಲಾಂ ಸ್ವೀಕರಿಸಿದರು, ಮರುದಿನ ಮಲಬಾರ್ ಹಿಲ್‌ನ ಸೌತ್ ಕೋರ್ಟ್ ಬಂಗಲೆಯಲ್ಲಿ ನಿಕಾಹ್. ಇವತ್ತಿನ ದ್ವೇಷದ ಗುಂಪುಗಳಲ್ಲಿ ಈ ಎರಡು ತಾರೀಕುಗಳಿಗೆ ಯಾವ ಹೆಸರು ಇಡ್ತಾರೆ ಅಂತ ನಿಮಗೆ ಗೊತ್ತೇ ಇದೆ. ಆಗಿನ ಕಾನೂನು ಏನಿತ್ತು ಅಂತ ಹೇಳುವವರು ಕಡಿಮೆ. 1872ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆ ಆಗಬೇಕಾದರೆ ಗಂಡೂ ಹೆಣ್ಣೂ 'ನಾವು ಹಿಂದೂ ಅಲ್ಲ, ಮುಸ್ಲಿಂ ಅಲ್ಲ, ಪಾರ್ಸಿ ಅಲ್ಲ' ಅಂತ ಬರೆದುಕೊಡಬೇಕಿತ್ತು. ಮುಸ್ಲಿಂ ಕ್ಷೇತ್ರದ ಸದಸ್ಯ ಹಾಗೆ ಬರೆದುಕೊಟ್ಟರೆ ರಾಜಕೀಯ ಅಲ್ಲಿಗೆ ಮುಗೀತು. ಈ ಷರತ್ತನ್ನು ತೆಗೆಯಲು ಭೂಪೇಂದ್ರನಾಥ ಬಸು ಮಸೂದೆ ತಂದಾಗ, 1912ರಲ್ಲಿ ಅದನ್ನು ಬೆಂಬಲಿಸಿ ಮಾತಾಡಿದವರಲ್ಲಿ ಜಿನ್ನಾ ಒಬ್ಬರು. ಮಸೂದೆ ಬಿದ್ದುಹೋಯಿತು. ಆರು ವರ್ಷದ ಮೇಲೆ ಅದರ ಬೆಲೆ ತೆತ್ತವರು ರಟ್ಟಿ. ಮನೆ, ಸಮುದಾಯ ಎರಡೂ ಹೋದವು.

ಇಲ್ಲಿ ನಮ್ಮ ಕಡೆಯ ಗಾಳಿಮಾತಿನ ಬಗ್ಗೆಯೂ ಹೇಳಬೇಕು. ಅದು ಬೈಗುಳದ್ದಲ್ಲ, ಸಕ್ಕರೆಯದ್ದು. ಹೂವಿನಂಥ ಹುಡುಗಿ, ಕಬ್ಬಿಣದಂಥ ಗಂಡು, ಅಮರಪ್ರೇಮ. ಒಂದು ಕೋರ್ಟಿನ ದೃಶ್ಯವೂ ಓಡಾಡುತ್ತೆ: ಅವರು ನನ್ನನ್ನು ಅಪಹರಿಸಿಲ್ಲ, ನಾನೇ ಅವರನ್ನು ಅಪಹರಿಸಿದೆ ಅಂತ ರಟ್ಟಿ ಜಡ್ಜ್ ಮುಂದೆ ಹೇಳಿದರಂತೆ. ಅದಕ್ಕೆ ಜಡ್ಜ್ ಯಾರು, ದಿನ ಯಾವುದು ಅಂತ ಸನದ್ ಕೇಳಿದರೆ 'ಅಂತೆ' ಒಂದೇ ಉಳಿಯುತ್ತೆ. ಇದನ್ನು ಓದಿ ವಾಹ್ ಅನ್ನುವ ಮೊದಲು ಲೆಕ್ಕ ಹಾಕಿ. ಮಾತು ಶುರುವಾದಾಗ ಆಕೆಗೆ ಹದಿನಾರು, ಅವರಿಗೆ ನಲವತ್ತರ ಹತ್ತಿರ. ನಾನು ದಿನಾ ಪಾಠ ಹೇಳೋದು ಹದಿನಾರರ ಹುಡುಗಿಯರಿಗೆ. ಅವರಲ್ಲಿ ಯಾರ ಬಗ್ಗೆಯಾದರೂ ಇಂಥ ಸುದ್ದಿ ಬಂದರೆ ಗಜಲ್ ಹಾಡ್ತೀನಾ? ಕಾಲ ಬೇರೆ ಇತ್ತು, ನಿಜ. ಆದರೆ ಸರ್ ದಿನ್‌ಶಾ ಅವರ ಕೋಪದಲ್ಲಿ ಬರೀ ಧರ್ಮ ಇತ್ತು, ಅಪ್ಪ ಇರಲೇ ಇಲ್ಲ ಅಂತ ನಾವು ಹೇಳುತ್ತಾ ಬಂದದ್ದು ನಮಗೆ ಅನುಕೂಲ ಅನ್ನೋ ಕಾರಣಕ್ಕೆ.

ಎಲ್ಲಕ್ಕಿಂತ ದೊಡ್ಡ ಗಾಳಿಮಾತು ಇನ್ನೊಂದು. ರಟ್ಟಿ ಬದುಕಿದ್ದರೆ ಪಾಕಿಸ್ತಾನ ಆಗ್ತಿರಲಿಲ್ಲವಂತೆ, ಒಡೆದ ಮನಸ್ಸಿನ ಮನುಷ್ಯ ದೇಶ ಒಡೆದನಂತೆ. ಮುಂಬೈಯಲ್ಲಿ ನಮ್ಮ ಖಾಲಾ ಇರೋದು ಕುರ್ಲಾದಲ್ಲಿ. ಅವರ ಬಿಲ್ಡಿಂಗಿನ ಕಟ್ಟೆಯಲ್ಲೂ ಇದನ್ನು ಕೇಳಿದೆ, ನಮ್ಮೂರ ಸ್ಟಾಫ್‌ರೂಮಿನಲ್ಲೂ ಕೇಳಿದೆ. ಸ್ವಲ್ಪ ತಾರೀಕು ನೋಡೋಣ. 1920ರ ನಾಗಪುರ ಅಧಿವೇಶನದಲ್ಲಿ ಗಾಂಧೀಜಿಯ ಅಸಹಕಾರವನ್ನು ವಿರೋಧಿಸಿ ಜಿನ್ನಾ ಕಾಂಗ್ರೆಸ್ಸಿನಿಂದ ದೂರವಾದಾಗ ರಟ್ಟಿ ಅವರ ಮನೆಯಲ್ಲೇ ಇದ್ದರು. 1928ರ ಡಿಸೆಂಬರಿನ ಕಲ್ಕತ್ತಾ ಸರ್ವಪಕ್ಷ ಸಮ್ಮೇಳನದಲ್ಲಿ ಜಿನ್ನಾರ ತಿದ್ದುಪಡಿಗಳನ್ನು ತಳ್ಳಿಹಾಕಿದವರು ಅದಕ್ಕೆ ಕೊಟ್ಟ ಕಾರಣಗಳು ರಾಜಕೀಯದವು. ಸೀಟುಗಳು, ಪ್ರಾಂತ್ಯಗಳು, ಸಾಮ್ರಾಜ್ಯ, ಎರಡು ಮಹಾಯುದ್ಧ, ಇಷ್ಟನ್ನೂ ಬದಿಗಿಟ್ಟು ಒಬ್ಬ ಕಾಯಿಲೆಯ ಹೆಂಗಸಿನ ತಲೆಗೆ ಉಪಖಂಡವನ್ನೇ ಕಟ್ಟಿಬಿಟ್ಟರೆ ಎಷ್ಟು ಜನ ಬಚಾವ್ ಆಗ್ತಾರೆ ನೋಡಿ! ಗಡಿಯ ಆಚೆ ಇದರ ಉಲ್ಟಾ. ಅಮೆರಿಕದ ಸ್ಟಾನ್ಲಿ ವೋಲ್ಪರ್ಟ್ 1984ರಲ್ಲಿ ಬರೆದ ಜಿನ್ನಾ ಜೀವನಚರಿತ್ರೆಗೆ ಜಿಯಾ ಸರ್ಕಾರ ತಡೆ ಹಾಕಿತು, ಊಟ-ಕುಡಿತದ ಸಾಲುಗಳಿಗಾಗಿ. ಒಂದು ಕಡೆ ಸ್ಯಾಂಡ್‌ವಿಚ್ ಸಾಕ್ಷಿ, ಇನ್ನೊಂದು ಕಡೆ ಸ್ಯಾಂಡ್‌ವಿಚ್ ನಿಷೇಧ. ತಂದವಳು ಎರಡೂ ಕಡೆ ಇಲ್ಲ.

ಹಾಗಾದರೆ ರಟ್ಟಿ ಎಲ್ಲಿ ಸಿಗ್ತಾರೆ? ಎರಡು ಪುಸ್ತಕ ಹೇಳ್ತೀನಿ. ಒಂದು, ಕಾಂಜಿ ದ್ವಾರಕಾದಾಸ್ ಬರೆದದ್ದು, 1963ರದು. ಅವರು ರಟ್ಟಿಯ ಗೆಳೆಯ, ಕೊನೆಯ ದಿನಗಳಲ್ಲಿ ಹತ್ತಿರ ಇದ್ದವರು. ಪಕ್ಷಪಾತ ಇದೆ, ಆದರೆ ಅವರು ಅದನ್ನು ಮುಚ್ಚಿಡುವುದಿಲ್ಲ. ಮಣ್ಣು ಕೊಡುವಾಗ ಜಿನ್ನಾ ಅತ್ತದ್ದನ್ನು ಬರೆದವರಲ್ಲಿ ಇವರೊಬ್ಬರು. ಇನ್ನೊಂದು, ಶೀಲಾ ರೆಡ್ಡಿಯವರ 'ಮಿಸ್ಟರ್ ಅಂಡ್ ಮಿಸೆಸ್ ಜಿನ್ನಾ', 2017ರದು. ಸರೋಜಿನಿ ನಾಯ್ಡು ಮತ್ತು ಅವರ ಮಕ್ಕಳಾದ ಪದ್ಮಜಾ, ಲೀಲಾಮಣಿಯರ ಪತ್ರಗಳ ರಾಶಿಯೇ ಅದರ ಬಂಡವಾಳ. ರಟ್ಟಿ ಬರೆದವೂ ಅದರಲ್ಲಿವೆ.

ಈ ಪುಸ್ತಕದ ಮೇಲೆ ನನಗೆ ತಕರಾರಿಲ್ಲ ಅಂತಲ್ಲ. ಎಷ್ಟೋ ಕಡೆ ಲೇಖಕಿ ರಟ್ಟಿಯ ಮನಸ್ಸಿನೊಳಗೇ ಹೋಗಿ ಕೂತು ಕಾದಂಬರಿಯ ಹಾಗೆ ಬರೀತಾರೆ. ಪತ್ರ ಎಲ್ಲಿ ಮುಗೀತು, ಊಹೆ ಎಲ್ಲಿ ಶುರುವಾಯಿತು ಅಂತ ಗೆರೆ ಕಾಣೋದಿಲ್ಲ. ಜಿನ್ನಾರ ಕಡೆಯ ಪತ್ರಗಳು ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಅವರ ಮೌನವನ್ನೂ ಲೇಖಕಿಯೇ ತುಂಬಿದ್ದಾರೆ. ಸರೋಜಿನಿಯವರ ಪತ್ರಗಳೂ ಒಂದು ಲೆಕ್ಕಕ್ಕೆ ಗಾಳಿಮಾತೇ, ತಾಯಿ ಮಕ್ಕಳಿಗೆ ಊರಿನ ಸುದ್ದಿ ಬರೆಯೋದು. ಆದರೆ ವ್ಯತ್ಯಾಸ ನೋಡಿ: ಅವು ಅದೇ ವಾರ, ಅದೇ ತಿಂಗಳು ಬರೆದವು. ಯಾರನ್ನೂ ನಗಿಸೋಕೆ ಬರೆದದ್ದಲ್ಲ, ಯಾರನ್ನೂ ಸೋಲಿಸೋಕೂ ಅಲ್ಲ. ಆ ಹುಡುಗಿಗೆ ಹುಷಾರಿಲ್ಲ, ಒಂಟಿಯಾಗಿದ್ದಾಳೆ ಅನ್ನೋ ಸಂಕಟ ಅವುಗಳಲ್ಲಿದೆ.

ಅವನ್ನು ಓದುವಾಗ ನಮ್ಮ ಬೀದಿಯ ಒಬ್ಬ ಹುಡುಗಿ ನೆನಪಾದಳು. ಎರಡು ವರ್ಷದ ಹಿಂದೆ ಮನೆಯವರಿಗೆ ಹೇಳದೆ ಮದುವೆಯಾದಳು. ಒಂದು ತಿಂಗಳು ಬೀದಿಗೆಲ್ಲ ಅದೇ ಸುದ್ದಿ. ನಾನೂ ಒಂದೆರಡು ಮಾತು ಸೇರಿಸಿದೆ, ಈಗ ನಾಚಿಕೆಯಾಗುತ್ತೆ. ಆಕೆಗೆ ಒಂದು ಫೋನ್ ಮಾಡಿ ಹೇಗಿದ್ದೀ ಅಂತ ಕೇಳಿದವರು ನಮ್ಮಲ್ಲಿ ಒಬ್ಬರೂ ಇಲ್ಲ.

1928ರ ಜನವರಿಯಲ್ಲಿ ರಟ್ಟಿ ಗಂಡನ ಮನೆ ಬಿಟ್ಟು ತಾಜ್ ಹೋಟೆಲಿಗೆ ಹೋದರು. ಆ ಅಕ್ಟೋಬರಿನಲ್ಲಿ ಫ್ರಾನ್ಸಿನಿಂದ ಹಡಗು ಹತ್ತಿ ವಾಪಸ್ ಬರುವಾಗ ಜಿನ್ನಾರಿಗೆ ಒಂದು ಪತ್ರ ಬರೆದರು. ಅದರ ಒಂದು ಸಾಲು ಈಗ ಗುಲಾಬಿಯ ಚಿತ್ರದ ಜೊತೆ ಸ್ಟೇಟಸ್ ಆಗಿ ಓಡಾಡುತ್ತೆ. ನೀವು ಆ ಸಾಲನ್ನು ಕಂಡಿದ್ದರೆ ಪೂರ್ತಿ ಪತ್ರ ಹುಡುಕಿ ಓದಿ. ಅದರಲ್ಲಿ ಅಳು ಕಡಿಮೆ, ತನಗೆ ಏನಾಯಿತು ಅಂತ ಸರಿಯಾಗಿ ಗೊತ್ತಿರುವ ಹೆಂಗಸಿನ ದನಿ ಜಾಸ್ತಿ. 1929ರ ಫೆಬ್ರವರಿ 20ರಂದು, ತಮ್ಮ 29ನೇ ಹುಟ್ಟುಹಬ್ಬದ ದಿನ, ತೀರಿಕೊಂಡರು. ಮಜಗಾಂವ್‌ನ ಆರಾಮ್‌ಬಾಗ್ ಖೋಜಾ ಖಬರಸ್ತಾನದಲ್ಲಿ ದಫನ್ ಆಯಿತು. ಸಾವಿನ ಕಾರಣದ ಬಗ್ಗೆಯೂ ಪಿಸುಮಾತು ಬಹಳ. ಅದನ್ನು ನಾನು ಇಲ್ಲಿ ಬರೆಯೋದಿಲ್ಲ.

ಕಳೆದ ರಜೆಯಲ್ಲಿ ಖಾಲಾ ಮನೆಗೆ ಹೋದಾಗ ಒಂದು ದಿನ ಇದಕ್ಕೇ ಇಟ್ಟೆ. ಮಲಬಾರ್ ಹಿಲ್‌ನಲ್ಲಿ ಟ್ಯಾಕ್ಸಿಯವನು ಜಿನ್ನಾ ಹೌಸ್ ಕಡೆ ಕೈ ತೋರಿಸಿ, ಪ್ರೇಮಕ್ಕೋಸ್ಕರ ಕಟ್ಟಿಸಿದ ಮನೆ ಅಂದ. ರಟ್ಟಿ ಇದ್ದ ಬಂಗಲೆಯನ್ನು ಕೆಡವಿ, ಕ್ಲಾಡ್ ಬ್ಯಾಟ್ಲಿ ಎಂಬ ವಾಸ್ತುಶಿಲ್ಪಿಯಿಂದ 1936ರಲ್ಲಿ ಕಟ್ಟಿಸಿದ್ದು ಅದು. ಆಕೆ ಸತ್ತು ಏಳು ವರ್ಷದ ಮೇಲೆ. ಹೇಳಿದೆ, ಅವನು ಒಪ್ಪಲಿಲ್ಲ. ಟೌನ್ ಹಾಲ್ ಈಗ ಏಷ್ಯಾಟಿಕ್ ಸೊಸೈಟಿಯ ಗ್ರಂಥಾಲಯ. ಮೆಟ್ಟಿಲ ಮೇಲೆ ಕಾಲೇಜು ಮಕ್ಕಳು ಫೋಟೋ ತೆಗೆಸಿಕೊಳ್ತಿದ್ದರು. ಎತ್ತರದ, ಅಗಲವಾದ ಮೆಟ್ಟಿಲುಗಳು. ಕೈಯಲ್ಲಿ ಬುತ್ತಿ ಇದ್ದರೆ, ಕೆಳಗೆ ಜನ ನೋಡ್ತಿದ್ದರೆ, ಇಳಿಯೋಕೆ ಸ್ವಲ್ಪ ಹೊತ್ತೇ ಬೇಕು.

ಮಜಗಾಂವ್ ಮುಟ್ಟುವಷ್ಟರಲ್ಲಿ ಮಗ್ರಿಬ್ ಆಗಿತ್ತು, ಗೇಟು ಹಾಕಿದ್ದರು. ಹೊರಗೇ ನಿಂತು ಫಾತಿಹಾ ಓದಿ, ಡಾಕ್‌ಯಾರ್ಡ್ ರೋಡ್ ಸ್ಟೇಷನ್ನಿನಿಂದ ಕುರ್ಲಾದ ಗಾಡಿ ಹತ್ತಿದೆ. ಶಾಲೆ ಶುರುವಾದ ಮೊದಲ ವಾರ ಆ ಹುಡುಗಿಯನ್ನು ಕರೆದು, ನೀನು ಕೇಳಿದ್ದೆಯಲ್ಲ, ಕೂತ್ಕೋ ಹೇಳ್ತೀನಿ ಅಂದೆ.